ಹಿಡಿಯುವ ರಕ್ತ, ಬಿಡುವ ರಕ್ತ

ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿ ಐಸ್‌ಫಿಶ್ ಎಂಬ ಮೀನುಗಳ ಒಂದು ಕುಟುಂಬವಿದೆ. ಅವುಗಳ ಕಿವಿರು ಕೆಂಪಲ್ಲ, ಕೆನೆಬಣ್ಣದ್ದು. ಕೊಯ್ದರೆ ಒಸರುವ ರಕ್ತ ಹೆಚ್ಚುಕಡಿಮೆ ನೀರಿನಷ್ಟೇ ತಿಳಿ. ತಿಮಿಂಗಿಲ ಬೇಟೆಗೆ ಅತ್ತ ಹೋಗುತ್ತಿದ್ದ ನಾರ್ವೆಯ ನಾವಿಕರು ‘ಅಲ್ಲಿ ರಕ್ತವೇ ಇಲ್ಲದ ಮೀನುಗಳಿವೆ’ ಎಂದು ಹೇಳುತ್ತಿದ್ದರು. ಕಡಲಿನವರ ಕಥೆಗಳಲ್ಲಿ ಇದೂ ಒಂದು ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಅದೇ ದೇಶದ ಜೀವವಿಜ್ಞಾನಿ ಯೋಹಾನ್ ರೂಡ್ ಅಂಥ ಮೀನುಗಳನ್ನು ಪರೀಕ್ಷಿಸಿದರು. ಅವುಗಳ ರಕ್ತದಲ್ಲಿ ಕೆಂಪುಕಣಗಳೂ ಇಲ್ಲ, ಹಿಮೋಗ್ಲೋಬಿನ್ನೂ ಇಲ್ಲ ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಹೆಪ್ಪುಗಟ್ಟುವ ಅಂಚಿನಲ್ಲಿರುವ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುತ್ತದೆ. ಆ ಚಳಿಗೆ ಮೀನಿನ ದೇಹದ ಖರ್ಚೂ ಕಡಿಮೆ. ರಕ್ತದ ನೀರಿನಂಶದಲ್ಲಿ ಕರಗಿದಷ್ಟು ಆಮ್ಲಜನಕದಲ್ಲೇ ಅದು ಸಂಸಾರ ನಡೆಸುತ್ತದೆ. ಅದಕ್ಕೂ ಬೆಲೆ ತೆರಬೇಕಾಗಿದೆ. ನೆಂಟರಾದ ಬೇರೆ ಮೀನುಗಳಿಗಿಂತ ದೊಡ್ಡ ಹೃದಯ, ಹಲವು ಪಟ್ಟು ರಕ್ತ, ಅಗಲವಾದ ರಕ್ತನಾಳಗಳು ಅದಕ್ಕೆ ಬೇಕು.

ಮನುಷ್ಯ ಈ ದಾರಿ ಹಿಡಿದಿದ್ದರೆ? ಲೆಕ್ಕ ಸುಲಭ. ನಮ್ಮ ಮೈಯ ಬಿಸಿಯಲ್ಲಿ, ಶ್ವಾಸಕೋಶದೊಳಗೆ ಇರುವಷ್ಟು ಆಮ್ಲಜನಕದ ಒತ್ತಡದಲ್ಲಿ, ಒಂದು ಲೀಟರ್ ರಕ್ತದಲ್ಲಿ ಸುಮ್ಮನೆ ಕರಗುವ ಆಮ್ಲಜನಕ ಸುಮಾರು 3 ಮಿಲಿಲೀಟರ್. ಏನೂ ಮಾಡದೆ ಕುಳಿತಿರುವ ವಯಸ್ಕರ ದೇಹಕ್ಕೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬೇಕು. ಕರಗಿದ್ದನ್ನು ಒಂದಿಷ್ಟೂ ಉಳಿಸದೆ ಬಳಸಿದರೂ ಹೃದಯ ನಿಮಿಷಕ್ಕೆ 80 ಲೀಟರಿಗಿಂತ ಹೆಚ್ಚು ರಕ್ತ ನೂಕಬೇಕಾಗುತ್ತಿತ್ತು. ವಿಶ್ರಾಂತಿಯಲ್ಲಿ ಅದು ನೂಕುವುದು 5 ಲೀಟರ್. ಅಷ್ಟರಲ್ಲೇ ಕೆಲಸ ನಡೆಯುತ್ತಿರುವುದು ಹಿಮೋಗ್ಲೋಬಿನ್ನಿನಿಂದ. ಅದು ಸಾಕಷ್ಟಿರುವ ರಕ್ತ ಲೀಟರಿಗೆ ಸುಮಾರು 200 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ.

ಈ ಹಿಮೋಗ್ಲೋಬಿನ್ ರಕ್ತದ ನೀರಿನಂಶವಾದ ಪ್ಲಾಸ್ಮಾದಲ್ಲಿ ಬಿಡಿಯಾಗಿ ತೇಲುವುದಿಲ್ಲ. ತೇಲಿದರೆ ಅಣು ಒಡೆದು ಮೂತ್ರಪಿಂಡದ ಮೂಲಕ ಸೋರಿಹೋಗುತ್ತದೆ. ಹಾಗಾಗಿ ಅದು ಕೆಂಪು ರಕ್ತಕಣದೊಳಗೆ ಇಡಿಕಿರಿದು ಕುಳಿತಿದೆ, ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಅಣುಗಳಂತೆ. ಒಂದು ಅಣು ನಾಲ್ಕು ಆಮ್ಲಜನಕದ ಅಣುಗಳನ್ನು ಹಿಡಿಯಬಲ್ಲದು. ಅಂದರೆ ಕಣ್ಣಿಗೆ ಕಾಣದ ಒಂದು ಕಣದ ಹೊರೆ ನೂರು ಕೋಟಿ ದಾಟುತ್ತದೆ. ಜಾಗ ಮಾಡಿಕೊಳ್ಳಲು ಈ ಕಣ ತನ್ನ ಕೋಶಕೇಂದ್ರವನ್ನೇ ಹೊರಹಾಕಿದೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ಅದರಲ್ಲಿಲ್ಲ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ತನ್ನ ಹೊಟ್ಟೆ ಹೊರೆದುಕೊಳ್ಳುತ್ತದೆ. ಊರಿಗೆಲ್ಲ ಆಮ್ಲಜನಕ ಹಂಚುವ ಕಣ ಅದರಲ್ಲಿ ಒಂದು ಪಾಲನ್ನೂ ತಾನು ಮುಟ್ಟುವುದಿಲ್ಲ. ಸುಮಾರು 120 ದಿನ ತಿರುಗಿ ಸವೆಯುತ್ತದೆ. ಅದರ ಜಾಗ ತುಂಬಲು ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ಕಳಿಸುತ್ತಲೇ ಇರುತ್ತದೆ.

ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ: ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಯ್ಯುತ್ತದೆ, ಕಾರ್ಬನ್ ಡೈಆಕ್ಸೈಡನ್ನು ವಾಪಸು ತರುತ್ತದೆ. ಸುಳ್ಳಲ್ಲ. ಆದರೆ ವಿಷಯದ ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ. ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುವ ವಸ್ತುಗಳಿಗೆ ಪ್ರಕೃತಿಯಲ್ಲಿ ಬರವಿಲ್ಲ. ಬರೀ ಕಬ್ಬಿಣವೂ ಹಿಡಿಯುತ್ತದೆ, ತುಕ್ಕಾಗುತ್ತದೆ, ಮತ್ತೆ ಬಿಡುವುದಿಲ್ಲ. ರಕ್ತಕ್ಕೆ ಬೇಕಾದದ್ದು ಶ್ವಾಸಕೋಶದಲ್ಲಿ ಬಿಗಿಯಾಗಿ ಹಿಡಿದು, ಮುಕ್ಕಾಲು ಸೆಕೆಂಡೂ ಪೂರ್ತಿ ಸಿಗದ ಅವಕಾಶದಲ್ಲಿ ತುಂಬಿಕೊಂಡು, ಕಾಲಿನ ಸ್ನಾಯುವಿನಲ್ಲೋ ಮಿದುಳಿನಲ್ಲೋ ತಕರಾರಿಲ್ಲದೆ ಬಿಟ್ಟುಕೊಡುವ ವಸ್ತು. ಒಂದೇ ಅಣು ಎರಡು ಜಾಗದಲ್ಲಿ ಎರಡು ಸ್ವಭಾವ ತೋರಬೇಕು.

ಹೇಗೆ ತೋರುತ್ತದೆ ಎಂಬುದರ ಮೊದಲ ಸುಳಿವು ಅದು ತುಂಬಿಕೊಳ್ಳುವ ಕ್ರಮದಲ್ಲಿದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಮ್ಲಜನಕದ ಪಾಲಿನ ಒತ್ತಡ ಪಾದರಸದ ಸುಮಾರು 100 ಮಿಲಿಮೀಟರ್. ಅಲ್ಲಿ ಹಿಮೋಗ್ಲೋಬಿನ್ ಶೇ 97–98ರಷ್ಟು ತುಂಬಿರುತ್ತದೆ. ಒತ್ತಡ 60ಕ್ಕೆ ಇಳಿದರೂ ತುಂಬಿರುವುದು ಶೇ 90ರ ಆಸುಪಾಸು, ನಷ್ಟ ಅಲ್ಪ. ವಿಶ್ರಾಂತಿಯಲ್ಲಿರುವ ಅಂಗಾಂಶಗಳನ್ನು ಹಾದು ಬಂದ ರಕ್ತದಲ್ಲಿ ಒತ್ತಡ 40, ತುಂಬಿರುವುದು ಶೇ 75. ಅಲ್ಲಿಂದ ಮುಂದೆ ಇಳಿಜಾರು ಕಡಿದು. ದುಡಿಯುವ ಸ್ನಾಯುವಿನಲ್ಲಿ ಒತ್ತಡ 20ಕ್ಕೆ ಬಿದ್ದರೆ ಮೂರನೇ ಒಂದು ಪಾಲು ಮಾತ್ರ ಉಳಿದು, ಮಿಕ್ಕದ್ದೆಲ್ಲ ಆ ಸ್ನಾಯುವಿಗೆ ಇಳಿದಿರುತ್ತದೆ. ಸಿರಿವಂತಿಕೆಯಿದ್ದಲ್ಲಿ ಸ್ವಲ್ಪ ಏರುಪೇರಾದರೂ ಕೈ ಬಿಡದ, ಬಡತನವಿದ್ದಲ್ಲಿ ಸ್ವಲ್ಪ ಕೊರತೆಯಾದರೂ ಧಾರಾಳವಾಗಿ ಕೊಡುವ ವ್ಯವಸ್ಥೆ ಇದು.

ಇದರ ಯಂತ್ರವನ್ನು ಕಾಣಲು ಬಹಳ ಕಾಲ ಹಿಡಿಯಿತು. 1938ರಲ್ಲಿ ಪ್ರಾಗ್ ನಗರದಲ್ಲಿದ್ದ ಫೆಲಿಕ್ಸ್ ಹೌರೊವಿಟ್ಸ್ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ನಿನ ನೇರಳೆ ಹರಳುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಗಾಜಿನ ಅಂಚಿನಿಂದ ಆಮ್ಲಜನಕ ಒಳಸೇರಿದಂತೆ ಆ ಹರಳುಗಳು ಕರಗಿ, ಕಡುಗೆಂಪು ಸೂಜಿಗಳಾಗಿ ಹೊಸದಾಗಿ ಮೂಡಿದವು. ಹರಳಿನ ಆಕಾರವೇ ಬದಲಾಗಬೇಕಾದರೆ ಒಳಗಿನ ಅಣುವಿನ ಆಕಾರ ಬದಲಾಗಿರಬೇಕು. ಅದಕ್ಕೆ ಒಂದು ವರ್ಷ ಮೊದಲೇ ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರೂಟ್ಸ್ ಎಕ್ಸ್-ಕಿರಣಗಳಿಂದ ಕುದುರೆಯ ಹಿಮೋಗ್ಲೋಬಿನ್ನಿನ ರಚನೆ ಬಿಡಿಸಲು ಹೊರಟಿದ್ದರು. ಮೊದಲ ಚಿತ್ರ ಕೈಗೆ ಸಿಕ್ಕಾಗ 1959 ಆಗಿತ್ತು, 1962ರಲ್ಲಿ ಜಾನ್ ಕೆಂಡ್ರೂ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆಕಾರ ಬದಲಾವಣೆಯ ವಿವರಣೆ ಕೂಡಿಬರಲು 1970 ಆಯಿತು. ಅದರ ಸಾರ ಇಷ್ಟು: ಅಣುವಿನಲ್ಲಿ ನಾಲ್ಕು ಭಾಗಗಳು, ಪ್ರತಿಯೊಂದರ ನಡುವೆ ಒಂದು ಕಬ್ಬಿಣದ ಪರಮಾಣು. ಆಮ್ಲಜನಕ ಬಂದು ಕೂತಾಗ ಆ ಕಬ್ಬಿಣ ತುಸು ಸರಿಯುತ್ತದೆ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಅರ್ಧ ಪಾಲಿನಷ್ಟು. ಅಷ್ಟು ಸರಿದದ್ದಕ್ಕೇ ಪಕ್ಕದ ಪ್ರೋಟೀನಿನ ಎಳೆ ಜಗ್ಗಿ, ನಾಲ್ಕೂ ಭಾಗಗಳ ಜೋಡಣೆ ಹೊರಳುತ್ತದೆ. ಮೊದಲನೆಯ ಆಮ್ಲಜನಕಕ್ಕೆ ಬಾಗಿಲು ಬಿಗಿ, ನಾಲ್ಕನೆಯದಕ್ಕೆ ಸಲೀಸು. ಬಿಡುವಾಗಲೂ ಹಾಗೆಯೇ. ಒಂದು ಹೊರಟರೆ ಉಳಿದವುಗಳ ಹಿಡಿತ ಸಡಿಲ.

ಎರಡನೆಯ ಸುಳಿವು ಇನ್ನೂ ಹಳೆಯದು. ಇದನ್ನೇ ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ. 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕ್ರಿಸ್ಚಿಯನ್ ಬೋರ್, ಕಾರ್ಲ್ ಹಾಸೆಲ್‌ಬಾಲ್ಕ್ ಮತ್ತು ಆಗಸ್ಟ್ ಕ್ರೋಗ್ ನಾಯಿಯ ರಕ್ತದ ಮೇಲೆ ಪ್ರಯೋಗ ನಡೆಸಿದರು. ರಕ್ತಕ್ಕೆ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಸೇರಿಸಿದಷ್ಟೂ, ಅದೇ ಒತ್ತಡದಲ್ಲಿ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತಿತ್ತು. ಕ್ರಿಸ್ಚಿಯನ್ ಬೋರ್ ಎಂದರೆ ಪರಮಾಣು ಮಾದರಿಯ ನೀಲ್ಸ್ ಬೋರ್ ಅವರ ತಂದೆ. ಮಗನ ಕೀರ್ತಿಯಲ್ಲಿ ತಂದೆಯ ಹೆಸರು ಮಂಕಾದರೂ, ವೈದ್ಯಕೀಯ ಓದುವವರಿಗೆ ‘ಬೋರ್ ಪರಿಣಾಮ’ ಎಂದರೆ ತಂದೆಯದೇ. ಅದರ ಅರ್ಥ ಯೋಚಿಸಿ. ಯಾವ ಸ್ನಾಯು ಹೆಚ್ಚು ದುಡಿಯುತ್ತಿದೆಯೋ ಅದು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ. ಅಲ್ಲಿನ ರಕ್ತ ತುಸು ಆಮ್ಲೀಯವಾಗುತ್ತದೆ, ಬಿಸಿಯೂ ಏರುತ್ತದೆ. ಇವೆಲ್ಲ ಹಿಮೋಗ್ಲೋಬಿನ್ನಿನ ಕೈ ಸಡಿಲಿಸುತ್ತವೆ. ಯಾರಿಗೆ ಆಮ್ಲಜನಕ ಬೇಕು ಎಂದು ಮಿದುಳು ಹೇಳಬೇಕಾಗಿಲ್ಲ, ನರ ಸುದ್ದಿ ಒಯ್ಯಬೇಕಾಗಿಲ್ಲ. ಬೇಡಿಕೆಯ ಅರ್ಜಿಯನ್ನು ಬರೆಯುವುದು ನಾವು ಕಸ ಎನ್ನುವ ಅನಿಲವೇ.

ಆ ಅನಿಲದ ಸ್ವಂತ ಪ್ರಯಾಣ ಇನ್ನೂ ಜಟಿಲ. ನಿಮಿಷಕ್ಕೆ 200 ಮಿಲಿಲೀಟರಿನಂತೆ ದಿನಕ್ಕೆ 280 ಲೀಟರಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ದೇಹದಲ್ಲಿ ಹುಟ್ಟುತ್ತದೆ. ನೀರಿನಲ್ಲಿ ಅದು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಚೆನ್ನಾಗಿ ಕರಗುತ್ತದೆ. ಆದರೂ ಹಾಗೆ ಕರಗಿ ಶ್ವಾಸಕೋಶ ಸೇರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಬರುತ್ತದೆ. ಇಲ್ಲೊಂದು ತಪ್ಪುಕಲ್ಪನೆಯಿದೆ: ಎರಡೂ ಅನಿಲಗಳು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ ಎಂದು. ಹಾಗಿಲ್ಲ. ಆಮ್ಲಜನಕ ಕೂರುವುದು ಕಬ್ಬಿಣದ ಮೇಲೆ, ಕಾರ್ಬನ್ ಡೈಆಕ್ಸೈಡ್ ಅಂಟುವುದು ಪ್ರೋಟೀನ್ ಸರಪಳಿಗಳ ತುದಿಗೆ. ಉಳಿದ ದೊಡ್ಡ ಪಾಲು, ಸುಮಾರು ಶೇ 70, ಅನಿಲದ ರೂಪದಲ್ಲಿ ಪ್ರಯಾಣಿಸುವುದೇ ಇಲ್ಲ. ನೀರಿನೊಂದಿಗೆ ಕೂಡಿ ಕಾರ್ಬಾನಿಕ್ ಆಮ್ಲವಾಗಿ, ಅದೂ ಒಡೆದು ಬೈಕಾರ್ಬೊನೇಟ್ ಆಗಿ ಹೋಗುತ್ತದೆ. ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ ಇದು.

ಇಪ್ಪತ್ತನೆಯ ಶತಮಾನದ ಆರಂಭದ ವಿಜ್ಞಾನಿಗಳಿಗೆ ಇಲ್ಲೊಂದು ಒಗಟು ಎದುರಾಯಿತು. ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಈ ಕೂಡಿಕೆ ತಾನಾಗಿ ನಡೆದರೆ ಬಹಳ ನಿಧಾನ, ಹಲವು ಸೆಕೆಂಡು ಹಿಡಿಯುತ್ತದೆ. ಹಿಂದಿರುಗುವ ಹಾದಿಯೂ ಅಷ್ಟೇ. ಶ್ವಾಸಕೋಶದ ಲೋಮನಾಳದಲ್ಲಿ ರಕ್ತ ಇರುವುದಾದರೋ ಒಂದು ಸೆಕೆಂಡಿಗಿಂತ ಕಡಿಮೆ. ಬೈಕಾರ್ಬೊನೇಟ್ ಮತ್ತೆ ಅನಿಲವಾಗಿ ಉಸಿರಿಗೆ ಸೇರುವ ಮೊದಲೇ ರಕ್ತ ಮುಂದಕ್ಕೆ ಹೋಗಿಬಿಡಬೇಕು. ಲೆಕ್ಕದ ಪ್ರಕಾರ ನಾವು ಉಸಿರು ಬಿಡಲು ಸಾಧ್ಯವೇ ಇಲ್ಲ! ಹಾಗಾದರೆ ಯಾರೋ ಒಳಗೆ ಕೈಯಾಡಿಸುತ್ತಿರಬೇಕು. 1930ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಮೆಲ್ಡ್ರಮ್ ಮತ್ತು ರೌಟನ್ ಕೆಂಪುಕಣಗಳೊಳಗಿಂದ ಆ ಕಿಣ್ವವನ್ನು ಬೇರ್ಪಡಿಸಿದರು. ಅದರ ಹೆಸರು ಕಾರ್ಬಾನಿಕ್ ಆನ್‌ಹೈಡ್ರೇಸ್. ನಡುವೆ ಒಂದು ಸತುವಿನ ಪರಮಾಣು ಇಟ್ಟುಕೊಂಡ ಈ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ದಾಟಿಸುತ್ತದೆ. ನಮಗೆ ತಿಳಿದಿರುವ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು.

ಹೀಗೆ ಕಣದೊಳಗೆ ತಯಾರಾದ ಬೈಕಾರ್ಬೊನೇಟ್ ಅಲ್ಲೇ ಕೂರುವುದಿಲ್ಲ, ಪ್ಲಾಸ್ಮಾಕ್ಕೆ ಹೊರಡುತ್ತದೆ. ಅದು ಋಣ ವಿದ್ಯುತ್ ಹೊತ್ತದ್ದು. ಒಂದು ಹೊರಟರೆ ಸಮತೋಲಕ್ಕೆ ಇನ್ನೊಂದು ಒಳಬರಬೇಕು. ಒಳಬರುವುದು ನಮ್ಮ ಉಪ್ಪಿನ ಕ್ಲೋರೈಡ್. ಕಣದ ಗೋಡೆಯಲ್ಲಿ ಈ ಅದಲುಬದಲಿಗೆಂದೇ ಒಂದು ಪ್ರೋಟೀನ್ ಇದ್ದು, ಒಂದು ಕಣದಲ್ಲಿ ಅದರ ಸುಮಾರು ಹತ್ತು ಲಕ್ಷ ಪ್ರತಿಗಳಿವೆ. ಈ ಅದಲುಬದಲಿಯನ್ನು ಡಚ್ ವಿಜ್ಞಾನಿ ಹಾಂಬುರ್ಗರ್ ಹೆಸರಿನಲ್ಲೇ ಕರೆಯುವುದುಂಟು. ಅಭಿಧಮನಿಯ ರಕ್ತದಲ್ಲಿರುವ ಕೆಂಪುಕಣಗಳು ಅಪಧಮನಿಯ ಕಣಗಳಿಗಿಂತ ಒಂದಿಷ್ಟು ಊದಿಕೊಂಡಿರುತ್ತವೆ. ಒಳಸೇರಿದ ಕ್ಲೋರೈಡಿನ ಬೆನ್ನಿಗೆ ನೀರೂ ಒಳಬಂದಿರುತ್ತದೆ. ಪ್ರತಿಯೊಂದು ಸುತ್ತಿನಲ್ಲೂ, ನಿಮಿಷಕ್ಕೊಮ್ಮೆ ಎಂದರೂ ನಡೆದೀತು, ನಿಮ್ಮ ಮೈಯ ಪ್ರತಿ ಕೆಂಪುಕಣ ಹೀಗೆ ಊದಿ ಮತ್ತೆ ಇಳಿಯುತ್ತದೆ.

ಕಾರ್ಬಾನಿಕ್ ಆಮ್ಲ ಒಡೆದಾಗ ಬೈಕಾರ್ಬೊನೇಟಿನ ಜೊತೆ ಇನ್ನೊಂದು ವಸ್ತುವೂ ಹುಟ್ಟುತ್ತದೆ: ಹೈಡ್ರೋಜನ್ ಅಯಾನು, ಅಂದರೆ ಹುಳಿಯ ಮೂಲ. ದಿನದ ಲೆಕ್ಕದಲ್ಲಿ ಇದು ಭಾರೀ ಮೊತ್ತ. ಮೂತ್ರಪಿಂಡಗಳು ದಿನಕ್ಕೆ ಹೊರಹಾಕುವ ಆಮ್ಲ ಇದರ ನೂರರಲ್ಲಿ ಒಂದು ಪಾಲಿಗೂ ಸಾಲದು. ಇಷ್ಟಾದರೂ ಅಪಧಮನಿಯ ರಕ್ತದ ಪಿಎಚ್ 7.40 ಇದ್ದರೆ ಅಭಿಧಮನಿಯಲ್ಲಿ ಸುಮಾರು 7.37, ಅಷ್ಟೇ ಇಳಿತ. ಆ ಹೈಡ್ರೋಜನ್ ಅಯಾನುಗಳನ್ನು ನುಂಗಿಕೊಂಡವರು ಯಾರು? ಆಗಷ್ಟೇ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಹೈಡ್ರೋಜನ್ ಅಯಾನುಗಳನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೆಚ್ಚು ಹಿಡಿಯುತ್ತದೆ. ಶ್ವಾಸಕೋಶಕ್ಕೆ ಬಂದು ಮತ್ತೆ ಆಮ್ಲಜನಕ ಸಿಕ್ಕ ಕೂಡಲೇ ಎರಡನ್ನೂ ಹೊರದೂಡುತ್ತದೆ. ಹೊರಬಿದ್ದ ಅಯಾನು ಬೈಕಾರ್ಬೊನೇಟಿನ ಜೊತೆ ಮರಳಿ ಕೂಡಿ ಅನಿಲವಾಗುತ್ತದೆ, ನಾವು ಉಸಿರು ಬಿಡುತ್ತೇವೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಅದುವರೆಗೆ ಕಾಣದಿದ್ದ ಅನಿಲ ಬುಸ್ಸೆಂದು ಏಳುತ್ತದಲ್ಲ, ಶ್ವಾಸಕೋಶದಲ್ಲಿ ಆ ಗೋಲಿ ಒತ್ತುವ ಬೆರಳು ಆಮ್ಲಜನಕದ್ದು. 1914ರಲ್ಲಿ ಇದನ್ನು ತೋರಿಸಿದವರು ಯೋಹಾನ್ನೆ ಕ್ರಿಸ್ಚಿಯನ್‌ಸೆನ್, ಡಗ್ಲಸ್ ಮತ್ತು ಜಾನ್ ಸ್ಕಾಟ್ ಹಾಲ್ಡೇನ್. ಪಠ್ಯಗಳಲ್ಲಿ ಉಳಿದದ್ದು ಮಾತ್ರ ‘ಹಾಲ್ಡೇನ್ ಪರಿಣಾಮ’. ಮೊದಲ ಹೆಸರಿನ ಡ್ಯಾನಿಶ್ ವೈದ್ಯೆಯನ್ನು ನೆನೆಯುವವರು ಕಡಿಮೆ.

ಬೋರ್ ಹೇಳಿದ್ದನ್ನೂ ಹಾಲ್ಡೇನ್ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಪೂರ್ತಿಯಾಗುತ್ತದೆ. ಅಂಗಾಂಶದಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತುವುದರಿಂದಲೇ ಆಮ್ಲಜನಕ ಇಳಿಯುತ್ತದೆ, ಆಮ್ಲಜನಕ ಇಳಿದದ್ದರಿಂದಲೇ ಇನ್ನಷ್ಟು ಕಾರ್ಬನ್ ಡೈಆಕ್ಸೈಡಿಗೆ ಜಾಗವಾಗುತ್ತದೆ. ಶ್ವಾಸಕೋಶದಲ್ಲಿ ಇದೇ ವ್ಯವಹಾರ ತಿರುವುಮುರುವು. ರಕ್ತ ಎರಡು ಅನಿಲಗಳ ಎರಡು ಸಾಗಣೆ ನಡೆಸುತ್ತಿಲ್ಲ. ನಡೆಯುತ್ತಿರುವುದು ಒಂದೇ ಕೊಡುಕೊಳ್ಳುವಿಕೆ.

ಇತಿಹಾಸದ ಒಂದು ಕುಚೇಷ್ಟೆಯನ್ನು ಇಲ್ಲಿ ಹೇಳಲೇಬೇಕು. ಈ ಸರಳ ರಸಾಯನಕ್ಕೆ ಹೆಸರು ಕೊಟ್ಟ ಇಬ್ಬರಿಗೂ ಸರಳ ಭೌತಶಾಸ್ತ್ರದ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಗ್ರಂಥಿಯೊಂದು ರಸ ಸ್ರವಿಸುವ ಹಾಗೆ ಶ್ವಾಸಕೋಶ ತನ್ನ ಶ್ರಮದಿಂದ ಆಮ್ಲಜನಕವನ್ನು ರಕ್ತಕ್ಕೆ ನೂಕುತ್ತದೆ ಎಂದು ಬೋರ್ ವಾದಿಸುತ್ತಿದ್ದರು. ಅದನ್ನು ಕೆಡವಿದವರು ಅವರದೇ ಶಿಷ್ಯ ಆಗಸ್ಟ್ ಕ್ರೋಗ್. ವೈದ್ಯೆಯಾಗಿದ್ದ ಪತ್ನಿ ಮೇರಿಯ ಜೊತೆ ಸೂಕ್ಷ್ಮ ಅಳತೆಗಳನ್ನು ಮಾಡಿ, ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡಕ್ಕೆ ಅನಿಲ ತಾನಾಗಿ ಹರಡುವುದೇ ಸಾಕು ಎಂದು 1910ರಲ್ಲಿ ಪ್ರಕಟಿಸಿದರು. ಹಾಲ್ಡೇನ್ ಆಮೇಲೂ ಒಪ್ಪಲಿಲ್ಲ. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದ ಮೇಲೆ ಬೀಡುಬಿಟ್ಟು, ಎತ್ತರದಲ್ಲಾದರೂ ಶ್ವಾಸಕೋಶ ಆಮ್ಲಜನಕವನ್ನು ನೂಕುತ್ತದೆ ಎಂಬ ತೀರ್ಮಾನದೊಂದಿಗೇ ಇಳಿದರು. ಇದನ್ನು ಪರೀಕ್ಷಿಸಲೆಂದು ಇನ್ನೊಬ್ಬ ವಿಜ್ಞಾನಿ ಜೋಸೆಫ್ ಬಾರ್‌ಕ್ರಾಫ್ಟ್ 1920ರಲ್ಲಿ ಗಾಜಿನ ಕೋಣೆಯೊಂದರಲ್ಲಿ ಆರು ದಿನ ತಾವೇ ಇದ್ದು, ಆಮ್ಲಜನಕ ಇಳಿಸುತ್ತಾ ಹೋಗಿ, ಕೊನೆಗೆ ತಮ್ಮ ಕೈಯ ಅಪಧಮನಿಯಿಂದಲೇ ರಕ್ತ ತೆಗೆಸಿ ಅಳೆದರು. ಕ್ರೋಗ್ ಹೇಳಿದ್ದೇ ಸರಿಯಾಗಿತ್ತು.

ಹಾಲ್ಡೇನರ ಇನ್ನೊಂದು ಕಾಣಿಕೆ ಮಾತ್ರ ಅಲುಗಾಡದೆ ನಿಂತಿದೆ. 1905ರಲ್ಲಿ ಅವರೂ ಸಹೋದ್ಯೋಗಿ ಪ್ರೀಸ್ಟ್ಲಿಯೂ ತೋರಿಸಿದ್ದು ಇದು: ದಿನನಿತ್ಯದ ಉಸಿರಾಟದ ಲಗಾಮು ಇರುವುದು ಕಾರ್ಬನ್ ಡೈಆಕ್ಸೈಡಿನ ಕೈಯಲ್ಲಿ. ಉಸಿರು ಬಿಗಿಹಿಡಿದಾಗ ಎದೆಯೊಳಗೆ ಏಳುವ ತಳಮಳ ಆಮ್ಲಜನಕ ಮುಗಿದದ್ದರಿಂದ ಬಂದದ್ದಲ್ಲ, ಕಾರ್ಬನ್ ಡೈಆಕ್ಸೈಡ್ ಏರಿದ್ದರಿಂದ. ಇದು ಬರೀ ಪುಸ್ತಕದ ಮಾತಲ್ಲ. ಬಾವಿಯಲ್ಲೋ ಕೆರೆಯಲ್ಲೋ ಮುಳುಗುಹಾಕುವ ಹುಡುಗರು ಹೆಚ್ಚು ಹೊತ್ತು ಒಳಗಿರಲೆಂದು ಮೊದಲೇ ಬುಸಬುಸನೆ ಹತ್ತಾರು ಸಲ ಉಸಿರೆಳೆದು ಬಿಡುವುದುಂಟು. ಅದರಿಂದ ರಕ್ತದ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಅದು ಮೊದಲೇ ಶೇ 98. ಕಡಿಮೆಯಾಗುವುದು ಕಾರ್ಬನ್ ಡೈಆಕ್ಸೈಡ್. ಎಚ್ಚರಿಸಬೇಕಾದ ತಳಮಳ ಏಳುವ ಮೊದಲೇ ಆಮ್ಲಜನಕ ಮುಗಿದು, ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಈಜು ಚೆನ್ನಾಗಿ ಬಲ್ಲವರೂ ಹೀಗೆ ಸತ್ತಿದ್ದಾರೆ.

ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ಹುಡುಗನಾಗಿದ್ದಾಗಿನಿಂದ ತಂದೆಯ ಪ್ರಯೋಗಗಳಿಗೆ ಮೈಯೊಡ್ಡಿದವರು. ರಕ್ತ ಹುಳಿಯಾದರೆ ಉಸಿರು ಏನಾಗುತ್ತದೆ ಎಂದು ತಿಳಿಯಲು ಮುಂದೆ ಅಮೋನಿಯಂ ಕ್ಲೋರೈಡ್ ಕುಡಿದು, ದಿನಗಟ್ಟಲೆ ಏದುಸಿರುಬಿಟ್ಟರು. 1957ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು, ಭಾರತದ ಪೌರರಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಿಡಿತ ಸಡಿಲಿಸುವ ಇನ್ನೊಂದು ಕೈಯೂ ಇದೆ. ಕೆಂಪುಕಣದೊಳಗೇ ತಯಾರಾಗುವ ಬಿಪಿಜಿ ಎಂಬ ರಂಜಕದ ಸಂಯುಕ್ತವದು. ಅದರ ಪಾತ್ರ ತಿಳಿದದ್ದು 1967ರಲ್ಲಿ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು, ಬಿಪಿಜಿಗೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ತಾಯಿಯ ರಕ್ತ ಬಿಟ್ಟದ್ದನ್ನು ಮಗುವಿನ ರಕ್ತ ಎಳೆದುಕೊಳ್ಳಬಲ್ಲದು. ಲಡಾಖ್‌ನಂಥ ಎತ್ತರಕ್ಕೆ ಹೋದವರಲ್ಲಿ ಒಂದೆರಡು ದಿನದಲ್ಲೇ ಬಿಪಿಜಿ ಏರುತ್ತದೆ.

ಬಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಾರ್ಬನ್ ಮಾನಾಕ್ಸೈಡ್ ಸಾಕ್ಷಿ. ಅದು ಕಬ್ಬಿಣದ ಜಾಗದಲ್ಲೇ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿತದಿಂದ ಕೂರುತ್ತದೆ. ಕೂತದ್ದಲ್ಲದೆ ಪಕ್ಕದ ಭಾಗಗಳು ಹಿಡಿದ ಆಮ್ಲಜನಕವನ್ನೂ ಬಿಡಗೊಡುವುದಿಲ್ಲ. ಕಿಟಕಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರ್, ಚಳಿಗೆಂದು ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಒಲೆ ಇದರ ಮೂಲ. ಬೆಂಗಳೂರಿನಂಥ ಊರಿನಲ್ಲೂ ಇಂಥ ಸಾವುಗಳ ಸುದ್ದಿ ಬರುತ್ತಲೇ ಇರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಕಾರ್ಬನ್ ಡೈಆಕ್ಸೈಡ್ ಏರದ ಕಾರಣ ಉಸಿರುಗಟ್ಟಿದ ಅನುಭವವೂ ಇಲ್ಲ. ಹಿರಿಯ ಹಾಲ್ಡೇನ್ 1895ರಲ್ಲಿ ಇಲಿಗಳನ್ನು ಎರಡು ವಾತಾವರಣದ ಒತ್ತಡದ ಆಮ್ಲಜನಕದಲ್ಲಿಟ್ಟು, ಹಿಮೋಗ್ಲೋಬಿನ್ನನ್ನು ಪೂರ್ತಿ ಕಟ್ಟಿಹಾಕುವಷ್ಟು ಮಾನಾಕ್ಸೈಡ್ ಕೊಟ್ಟರು. ಇಲಿಗಳು ಬದುಕಿದವು. ಆ ಒತ್ತಡದಲ್ಲಿ ರಕ್ತದ ನೀರಿನಲ್ಲಿ ಕರಗಿದ ಆಮ್ಲಜನಕವೇ ಅವಕ್ಕೆ ಸಾಕಾಗಿತ್ತು. ಒತ್ತಡದ ಕೋಣೆಯಲ್ಲಿಟ್ಟು ಆಮ್ಲಜನಕ ಕೊಡುವ ಇಂದಿನ ಚಿಕಿತ್ಸೆಯ ಹಿಂದೆಯೂ ಇದೇ ತರ್ಕವಿದೆ.

ಮಾನಾಕ್ಸೈಡ್ ಒಳಸೇರಿದ ರೋಗಿಯ ಬೆರಳಿಗೆ ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದರೆ ಅದು 98 ತೋರಿಸಬಹುದು. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ರೂಪಿಸಿದ ಈ ಉಪಕರಣ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಆಮ್ಲಜನಕ ಹೊತ್ತ ಮತ್ತು ಹೊರದ ಹಿಮೋಗ್ಲೋಬಿನ್ನಿನ ಅನುಪಾತ ಲೆಕ್ಕಹಾಕುತ್ತದೆ. ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಅದರ ಕಣ್ಣಿಗೆ ಆಮ್ಲಜನಕ ಹೊತ್ತಂತೆಯೇ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಈ ಸಂಖ್ಯೆಗೆ ಇನ್ನೊಂದು ಮಿತಿಯಿದೆ. ಅದು ಹೇಳುವುದು ಇರುವ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು ಮಾತ್ರ. ಹಿಮೋಗ್ಲೋಬಿನ್ನೇ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದವರಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕವಿದ್ದರೆ, 7 ಗ್ರಾಂ ಇದ್ದವರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಇಬ್ಬರ ಬೆರಳಿನಲ್ಲೂ 98.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು ಶೇ 48. ಇಂಥವರ ದೇಹ ಸುಮ್ಮನಿರುವುದಿಲ್ಲ. ಬಿಪಿಜಿ ಏರಿಸಿ, ಇರುವ ಹಿಮೋಗ್ಲೋಬಿನ್ ಹೆಚ್ಚು ಧಾರಾಳವಾಗಿ ಬಿಡುವಂತೆ ಮಾಡುತ್ತದೆ. ಹೃದಯದ ಬಡಿತ ಹೆಚ್ಚಿಸಿ ರಕ್ತವನ್ನು ಬೇಗ ಬೇಗ ಸುತ್ತಿಸುತ್ತದೆ. ಕೂತಲ್ಲಿ ಏನೂ ತಿಳಿಯುವುದಿಲ್ಲ, ಎರಡು ಮಹಡಿ ಹತ್ತಿದರೆ ಏದುಸಿರು. ತುಟಿ ನೀಲಿಗಟ್ಟಿ ಸುಳಿವು ಕೊಡುವುದೂ ಇಲ್ಲ. ನೀಲಿ ಕಾಣಬೇಕಾದರೆ 100 ಮಿಲಿಲೀಟರ್ ರಕ್ತದಲ್ಲಿ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ನೇ ಸುಮಾರು 5 ಗ್ರಾಂ ಇರಬೇಕು, ತೀವ್ರ ರಕ್ತಹೀನತೆಯಲ್ಲಿ ಒಟ್ಟು ಇರುವುದೇ ಅಷ್ಟು. ವೈದ್ಯರು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುವುದು, ನಾಲಿಗೆ ಚಾಚಲು ಹೇಳುವುದು ಅಲ್ಲಿ ಬಿಳಿಚಿದೆಯೇ ಎಂದು ತಿಳಿಯಲು.